ಗೋಡೆ ಉಳಿದರೆ ಸಾಕೇ?



ನನ್ನ ತಾತ ಬೆಂಗಳೂರಿನ ಬಟ್ಟೆ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದರು. ಮಿಲ್ಲಿನ ಸೈರನ್ ಕೂಗಿದರೆ ಬೀದಿಯವರೆಲ್ಲ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ಈಗ ಅಲ್ಲಿ ಅಪಾರ್ಟ್‌ಮೆಂಟ್‌ಗಳಿವೆ. ‘ಮುತ್ತಾತ ದುಡಿದದ್ದು ಇಲ್ಲೇ’ ಎಂದು ನನ್ನ ಮಗಳಿಗೆ ತೋರಿಸಲು ಒಂದು ಗೋಡೆಯೂ ಉಳಿದಿಲ್ಲ.

ಕಂಪನಿ ಕೆಲಸದ ಮೇಲೆ ಲಂಡನ್ನಿಗೆ ಹೋದಾಗ ಬೇರೊಂದು ದಾರಿ ಕಂಡೆ. ಥೇಮ್ಸ್ ನದಿಯ ದಡದ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 1981ರಲ್ಲಿ ನಿಂತುಹೋಯಿತು. ಅದನ್ನು ಕೆಡವಲಿಲ್ಲ. 2000ದಲ್ಲಿ ಅದು ಟೇಟ್ ಮಾಡರ್ನ್ ಎಂಬ ಕಲಾ ಸಂಗ್ರಹಾಲಯವಾಯಿತು. ಇಟ್ಟಿಗೆಯ ಗೋಡೆಗಳು, 99 ಮೀಟರ್ ಎತ್ತರದ ಚಿಮಣಿ ಹಾಗೇ ಇವೆ. ಟರ್ಬೈನ್‌ಗಳಿದ್ದ ದೊಡ್ಡ ಹಾಲ್‌ನಲ್ಲಿ ಈಗ ಕಲಾಕೃತಿಗಳಿವೆ. ವಿಶೇಷ ಪ್ರದರ್ಶನಗಳನ್ನು ಬಿಟ್ಟರೆ ಟಿಕೆಟ್ ಇಲ್ಲ. ಯಾರು ಬೇಕಾದರೂ ಒಳಗೆ ಹೋಗಬಹುದು.

ಯಂತ್ರಗಳಿಗೆಂದು ಕಟ್ಟಿದ ಕಟ್ಟಡದ ನೆಲ ಗಟ್ಟಿ, ಸೂರು ಎತ್ತರ, ಜಾಗ ವಿಶಾಲ. ಆದ್ದರಿಂದಲೇ ಅದು ಗ್ರಂಥಾಲಯಕ್ಕೂ ಆದೀತು, ತರಬೇತಿ ಕೇಂದ್ರಕ್ಕೂ ಆದೀತು. ಕೆಡವಿದರೆ ಬಹಳಷ್ಟು ವಸ್ತು ವ್ಯರ್ಥ. ಮತ್ತೆ ಹೊಸ ಸಿಮೆಂಟು ಬೇಕು.

ಆದರೆ ಒಂದು ಎಚ್ಚರಿಕೆ. ಹಳೆಯ ಗೋಡೆಗೆ ಬೆಲೆ ಬಂದರೆ ಸುತ್ತಲಿನ ಬಾಡಿಗೆಯೂ ಏರುತ್ತದೆ. ಟೇಟ್ ಮಾಡರ್ನ್ ಪಕ್ಕದಲ್ಲೇ ದುಬಾರಿ ಗಾಜಿನ ಮನೆಗಳು ಎದ್ದಿವೆ. ಕಟ್ಟಡ ಉಳಿದು, ಅಲ್ಲಿನ ಜನ ಊರಾಚೆ ಹೋಗಬೇಕಾದರೆ ಉಳಿಸಿದ್ದು ಯಾರಿಗಾಗಿ?

ಮಕ್ಕಳೇ, ನಾಳೆ ನಿಮ್ಮಲ್ಲಿ ಯಾರಾದರೂ ಇಂಜಿನಿಯರ್ ಆಗುತ್ತೀರಿ, ಯಾರಾದರೂ ನಗರಸಭೆಗೆ ಹೋಗುತ್ತೀರಿ. ಹಳೆಯ ಮಿಲ್ಲೊಂದರ ಕಡತ ಮುಂದೆ ಬಂದಾಗ ಎರಡು ಪ್ರಶ್ನೆ ಕೇಳಿ. ಈ ಗೋಡೆ ಇನ್ನೂ ಭಾರ ಹೊರುತ್ತದೆಯೇ? ಇಲ್ಲಿ ದುಡಿದವರ ಮೊಮ್ಮಕ್ಕಳು ನಾಳೆ ಒಳಗೆ ಬರಬಹುದೇ? ಎರಡನೆಯದನ್ನು ಮರೆಯಬೇಡಿ.