ಹತ್ತಿ ಬೀಜದ ಹೊಲ ಮತ್ತು ಶಾಲೆಯ ಹಾಜರಿ ಪುಸ್ತಕ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯಿತಿಗಳ ಮಾಹಿತಿಗಾಗಿ.)



ಬಾಲಕಾರ್ಮಿಕ ಪದ್ಧತಿ ಎಂದೊಡನೆ ಹೋಟೆಲು, ಗ್ಯಾರೇಜು, ಇಟ್ಟಿಗೆ ಗೂಡುಗಳು ನೆನಪಿಗೆ ಬರುತ್ತವೆ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ 2025ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನಲ್ಲಿ ದುಡಿಯುತ್ತಿರುವ ಸುಮಾರು 13 ಕೋಟಿ 80 ಲಕ್ಷ ಮಕ್ಕಳಲ್ಲಿ ಶೇ 61ರಷ್ಟು ಮಂದಿ ಇರುವುದು ಕೃಷಿಯಲ್ಲಿ. ಅಂದರೆ ಈ ಸಮಸ್ಯೆಯ ದೊಡ್ಡ ಪಾಲು ಪಂಚಾಯಿತಿಗಳ ಎಲ್ಲೆಯೊಳಗೇ ಇದೆ. ಹೈಬ್ರಿಡ್ ಹತ್ತಿ ಬೀಜೋತ್ಪಾದನೆ ಅದಕ್ಕೊಂದು ಸ್ಪಷ್ಟ ನಿದರ್ಶನ.

1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಎಚ್-4 ತಳಿಯೂ, 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿಯವರ ಶ್ರಮದಿಂದ ವರಲಕ್ಷ್ಮಿ ತಳಿಯೂ ರೂಪುಗೊಂಡವು. ಹೈಬ್ರಿಡ್ ಹತ್ತಿ ರೈತನಿಗೆ ಹೆಚ್ಚಿನ ಇಳುವರಿ ತಂದಿತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ಬೀಜ ತಯಾರಾಗುವುದು ಕೈಕೆಲಸದಿಂದ. ಹತ್ತಿಯ ಹೂವಿನಲ್ಲಿ ಗಂಡು, ಹೆಣ್ಣು ಭಾಗಗಳು ಒಟ್ಟಿಗೇ ಇರುತ್ತವೆ. ಮರುದಿನ ಅರಳಲಿರುವ ಮೊಗ್ಗಿನ ದಳವನ್ನೂ ಕೇಸರಗಳನ್ನೂ ಹಿಂದಿನ ಮಧ್ಯಾಹ್ನದಿಂದ ಸಂಜೆಯ ಹೊತ್ತಿನಲ್ಲಿ ತೆಗೆಯಬೇಕು. ಮರುದಿನ ಬೆಳಿಗ್ಗೆ ಬೇರೊಂದು ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಒಂದೊಂದು ಹೂವಿಗೂ ಹೀಗೆಯೇ. ಹೂ ಬಿಡುವ ಕಾಲ ಮುಗಿಯುವವರೆಗೆ ದಿನವೂ ಹೀಗೆಯೇ.

ಈ ‘ಕ್ರಾಸಿಂಗ್’ ಕೆಲಸದ ಹೊತ್ತೂ ಶಾಲೆಯ ಹೊತ್ತೂ ಒಂದೇ. ಮುಂಗಾರಿನ ಬೆಳೆ ಹೂ ಬಿಡುವ ಕಾಲಕ್ಕೆ ಶಾಲೆಯ ಮೊದಲ ಅವಧಿಯ ಪಾಠಗಳೂ ನಡೆದಿರುತ್ತವೆ. ಆದ್ದರಿಂದ ಕ್ರಾಸಿಂಗ್‌ಗೆ ಹೋದ ಮಗು ರಜೆಯಲ್ಲಿ ದುಡಿಯುವ ಮಗುವಲ್ಲ, ಶಾಲೆ ಕಳೆದುಕೊಂಡ ಮಗು. ಈ ಕೆಲಸಕ್ಕೆ ಹೋದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕೀಟನಾಶಕ ಸಿಂಪಡಿಸಿದ ಗಿಡಗಳ ನಡುವೆ ದಿನವಿಡೀ ನಿಲ್ಲುವುದರಿಂದ ಆರೋಗ್ಯಕ್ಕೂ ಹಾನಿ.

‘ಎಳೆಯ ಬೆರಳುಗಳೇ ಈ ಕೆಲಸಕ್ಕೆ ಬೇಕು’ ಎಂಬ ಮಾತು ರೂಢಿಯಲ್ಲಿದೆ. ಅದು ನಿಜವಲ್ಲ, ವಯಸ್ಕ ಹೆಂಗಸರೂ ಗಂಡಸರೂ ಇದೇ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ. ಮಗುವಿಗೆ ಕೊಡುವ ಕೂಲಿ ಕಡಿಮೆ, ಮಗು ಎದುರು ಮಾತನಾಡದು. ನಿಜವಾದ ಕಾರಣ ಇದು. ಮೇಸ್ತ್ರಿಯಿಂದ ಪಡೆದ ಮುಂಗಡ ತಾಯಿತಂದೆಯರ ಕೈ ಕಟ್ಟಿಹಾಕುತ್ತದೆ. ಬೀಜ ಬೆಳೆಯುವ ರೈತನ ಪರಿಸ್ಥಿತಿಯೂ ಸುಲಭವಲ್ಲ. ಬೀಜದ ದರವನ್ನು ಕಂಪನಿ ಮೊದಲೇ ಗೊತ್ತುಪಡಿಸಿರುತ್ತದೆ. ಗೊಬ್ಬರ, ಔಷಧದ ಬೆಲೆ ಅವನ ಕೈಯಲ್ಲಿಲ್ಲ; ಅವನು ಇಳಿಸಬಲ್ಲದ್ದು ಕೂಲಿಯೊಂದನ್ನೇ. ಹಾಗೆ ಉಳಿದ ಹಣದ ಬೆಲೆಯನ್ನು ಮಗು ತೆರುತ್ತದೆ. ಮಕ್ಕಳು ಅಗ್ಗಕ್ಕೆ ಸಿಗುವವರೆಗೆ ಅವರ ತಾಯಂದಿರಿಗೂ ನ್ಯಾಯವಾದ ಕೂಲಿ ಸಿಗುವುದಿಲ್ಲ.

ಕಾನೂನು ಸ್ಪಷ್ಟವಾಗಿದೆ. 1986ರ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯಂತೆ 14 ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ನೇಮಿಸುವಂತಿಲ್ಲ. ತಪ್ಪಿದಲ್ಲಿ 6 ತಿಂಗಳಿಂದ 2 ವರ್ಷಗಳವರೆಗೆ ಸೆರೆವಾಸ, ಅಥವಾ 20,000ದಿಂದ 50,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಕುಟುಂಬಕ್ಕೆ ನೆರವಾಗಲು ವಿನಾಯಿತಿ ಇರುವುದು ನಿಜ. ಆದರೆ ಅದು ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಕೆಲಸಕ್ಕೆ ಮಾತ್ರ. ಪಾಠದ ಹೊತ್ತಿನಲ್ಲಿ ಸ್ವಂತ ಹೊಲದಲ್ಲಿ ಕ್ರಾಸಿಂಗ್ ಮಾಡಿಸಿದರೂ ಈ ವಿನಾಯಿತಿ ದೊರೆಯದು.

2017ರ ನಿಯಮಗಳಂತೆ, ಮಗು ತಿಳಿಸದೆ ಸತತ 30 ದಿನ ಗೈರಾದರೆ ಮುಖ್ಯ ಶಿಕ್ಷಕರು ನೋಡಲ್ ಅಧಿಕಾರಿಗೆ ವರದಿ ಮಾಡಬೇಕು. ಆದರೆ ಹೂ ಬಿಡುವ ಕಾಲದಲ್ಲಿ 30 ದಿನ ಕಾಯುವುದೆಂದರೆ ಹಂಗಾಮಿನ ಒಂದು ದೊಡ್ಡ ಭಾಗ ಕಳೆದಂತೆ. ಕಾರ್ಮಿಕ ನಿರೀಕ್ಷಕರು ಒಂದೊಂದು ಹೊಲಕ್ಕೂ ಬರಲಾರರು. ಊರಿನ ಸದಸ್ಯರಿಗಾದರೋ ಯಾವ ಮನೆಯ ಮಗು ಎಲ್ಲಿ ಹೋಯಿತೆಂಬುದು ಮೂರನೆಯ ದಿನಕ್ಕೇ ತಿಳಿದಿರುತ್ತದೆ.

ಆದಕಾರಣ ಪಂಚಾಯಿತಿಗಳು ಈ ಕ್ರಮಗಳನ್ನು ಕೈಗೊಳ್ಳುವುದು ಸೂಕ್ತ:

1. ಬಿತ್ತನೆಗೆ ಮುನ್ನವೇ ಬೀಜೋತ್ಪಾದಕ ರೈತರ, ಆರ್ಗನೈಸರ್‌ಗಳ ಹಾಗೂ ಮೇಸ್ತ್ರಿಗಳ ಸಭೆ ಕರೆದು, ಮಕ್ಕಳನ್ನು ದುಡಿಸುವುದಿಲ್ಲವೆಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡುವುದು.

2. ಹಂಗಾಮಿನಲ್ಲಿ ಪ್ರತಿ ವಾರ ಶಾಲೆಯ ಹಾಜರಿ ಪುಸ್ತಕವನ್ನು ಎಸ್‌ಡಿಎಂಸಿಯೊಡನೆ ಪರಿಶೀಲಿಸಿ, ಗೈರಾದ ಮಗುವಿನ ಮನೆಗೆ ಆ ವಾರ್ಡಿನ ಸದಸ್ಯರೇ ಭೇಟಿ ನೀಡುವುದು.

3. ಆ ಮನೆಯ ವಯಸ್ಕರಿಗೆ ಉದ್ಯೋಗ ಖಾತರಿ ಕೆಲಸ, ಪಡಿತರ, ಪಿಂಚಣಿಗಳಲ್ಲಿ ಯಾವುದು ತಪ್ಪಿದೆಯೆಂದು ನೋಡಿ ಕೊಡಿಸುವುದು. ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನದ ವಿವರವನ್ನು ಪಂಚಾಯಿತಿ ಫಲಕದಲ್ಲಿ ಬರೆಸುವುದು.

4. ಮುಂಗಡಕ್ಕೆ ಪ್ರತಿಯಾಗಿ ಮಗುವನ್ನು ಕಳುಹಿಸಿದ್ದು ಕಂಡುಬಂದರೆ, ಅದು 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ವ್ಯಾಪ್ತಿಗೂ ಬರಬಹುದಾದ್ದರಿಂದ ತಹಶೀಲ್ದಾರರ ಗಮನಕ್ಕೆ ತರುವುದು. ತುರ್ತು ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದು.

5. ಮಕ್ಕಳ ಗ್ರಾಮಸಭೆಯಲ್ಲಿ ಶಾಲೆ ಬಿಟ್ಟ ಗೆಳೆಯ ಗೆಳತಿಯರ ವಿಷಯವನ್ನು ಮಕ್ಕಳ ಬಾಯಿಂದಲೇ ಕೇಳಿ ನಡಾವಳಿಯಲ್ಲಿ ದಾಖಲಿಸುವುದು.

ಕೊನೆಯದಾಗಿ ಹೇಳಲು ಕಷ್ಟವಾದ ಒಂದು ಮಾತು. ಬೀಜದ ಹೊಲದ ಒಡೆಯರು ಹಲವೆಡೆ ಪಂಚಾಯಿತಿಯ ಸದಸ್ಯರೇ ಆಗಿರುತ್ತಾರೆ, ಇಲ್ಲವೇ ಅವರ ಬಂಧುಗಳೂ ನೆರೆಹೊರೆಯವರೂ ಆಗಿರುತ್ತಾರೆ. ದಾಕ್ಷಿಣ್ಯ ಅಡ್ಡಬರುವುದು ಅಲ್ಲಿಯೇ. ಆದ್ದರಿಂದ ಮೊದಲ ಪರಿಶೀಲನೆ ಸದಸ್ಯರ ಸ್ವಂತ ಹೊಲದಿಂದಲೇ ಆರಂಭವಾಗಲಿ. ಸದಸ್ಯರ ಹೊಲದಲ್ಲಿ ಮಕ್ಕಳಿಲ್ಲವೆಂಬುದನ್ನು ಊರು ಕಂಡ ಮೇಲೆ, ನೆರೆಯವನಿಗೆ ಹೇಳುವ ಮಾತಿಗೆ ತೂಕ ತಾನಾಗಿಯೇ ಬರುತ್ತದೆ.