ಜೇಬಿನಲ್ಲೊಂದು ಇಕ್ಕಳ

ಭಾನುವಾರದ ಕನ್ನಡ ಕಾರ್ಯಕ್ರಮದಲ್ಲಿ ಆಡಿದ ಮಾತುಗಳನ್ನು ಬರಹದಲ್ಲಿ ಕೊಡಿ ಎಂದು ಹಲವರು ಕೇಳಿದ್ದೀರಿ. ಇಗೋ, ಇಲ್ಲಿದೆ.

ಚೆಂಬೂರಿನ ಹಿರಿಯ ಕೇಳುಗರೊಬ್ಬರು ಪತ್ರ ಬರೆದಿದ್ದರು. ಅವರ ಮಗ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಕೆಲಸದಲ್ಲಿದ್ದಾನೆ. ಬರುವ ಅಕ್ಟೋಬರಿನಲ್ಲಿ ಸಹೋದ್ಯೋಗಿಗಳ ಜೊತೆ ಜಿಂಕೆ ಬೇಟೆಗೆ ಹೊರಟಿದ್ದಾನಂತೆ. "ನನಗೆ ಇದು ಇಷ್ಟವಿಲ್ಲ. ಆದರೆ ಮೂವತ್ತು ದಾಟಿದ ಮಗನಿಗೆ ಬೇಡ ಅನ್ನಲು ಆದೀತೆ? ಹೋಗುವುದೇ ಆದರೆ ಕೈಕಾಲು ನೆಟ್ಟಗಿಟ್ಟುಕೊಂಡು ಬರಲಿ. ಹುಟ್ಟುಹಬ್ಬಕ್ಕೆ ಒಂದು ಮಲ್ಟಿಟೂಲ್ ಕೊಡಿಸೋಣ ಅಂತಿದ್ದೇನೆ. ಅದೊಂದೇ ಸಾಕಾಗುತ್ತದೆಯೇ?" ಇದು ಅವರ ಪ್ರಶ್ನೆ.

ರಾಯರೇ, ಒಳ್ಳೆಯ ಉಡುಗೊರೆಯನ್ನೇ ಆರಿಸಿದ್ದೀರಿ. ಆದರೆ ಅದೊಂದೇ ಸಾಲದು. ಯಾಕೆ ಅಂತ ಹೇಳುತ್ತೇನೆ.

ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಹಲವು ಅಲಗುಗಳ ಜೇಬುಚಾಕುವಿಗೆ ರೂಪ ಕೊಟ್ಟದ್ದು 1897ರಲ್ಲಿ. ಅದರಲ್ಲಿ ಇಕ್ಕಳ ಇರಲಿಲ್ಲ. ನಿಮ್ಮ ಮಗ ಇರುವ ಓರೆಗಾನಿನವನೇ ಆದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯ ಜೊತೆ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತಿದ. ಕಾರೂ ಕೈಕೊಡುತ್ತಿತ್ತು, ಅಗ್ಗದ ಹೋಟೆಲುಗಳ ನಲ್ಲಿಗಳೂ ಸೋರುತ್ತಿದ್ದವು. ಜೇಬಿನಲ್ಲಿ ಚಾಕು ಇತ್ತು, ಬೇಕಾಗಿದ್ದುದು ಇಕ್ಕಳ. ಊರಿಗೆ ಮರಳಿ ಎರಡನ್ನೂ ಸೇರಿಸಲು ಕೂತ. ಮೊದಲ ಉಪಕರಣ ಮಾರಾಟವಾಗಲು ಎಂಟು ವರ್ಷ ಹಿಡಿಯಿತು. 1983ರಲ್ಲಿ ಮೊದಲ ದೊಡ್ಡ ಬೇಡಿಕೆ ಕೊಟ್ಟದ್ದು ಬೇಟೆ ಮತ್ತು ಮೀನುಗಾರಿಕೆಯ ಸಾಮಾನು ಮಾರುವ ಕಬೇಲಾಸ್ ಎಂಬ ಕಂಪನಿ. ಹೀಗೆ ಈ ಉಪಕರಣಕ್ಕೂ ಬೇಟೆಗಾರರಿಗೂ ನಂಟು ಮೊದಲಿನಿಂದಲೇ ಇದೆ.

ಕಾಡಿನಲ್ಲಿ ಅದು ಏನು ಕೆಲಸಕ್ಕೆ ಬರುತ್ತದೆ? ಕೋವಿಯ ಪಟ್ಟಿಯ ಸ್ಕ್ರೂ ಸಡಿಲವಾದರೆ ಬಿಗಿ ಮಾಡಲು, ಬೂಟಿಗೆ ನೆಟ್ಟ ಮುಳ್ಳು ಕೀಳಲು, ಒಲೆಯ ಮೇಲಿನ ಬಿಸಿ ಪಾತ್ರೆ ಎತ್ತಲು, ಬಟ್ಟೆಗೆ ಸಿಕ್ಕಿಕೊಂಡ ತಂತಿ ಕತ್ತರಿಸಲು. ತಂತಿ ಕತ್ತರಿಸುವಾಗ ಮುಖ ಆಚೆಗಿರಲಿ, ತುಂಡು ಕಣ್ಣಿಗೆ ಸಿಡಿಯಬಹುದು. ಕೋವಿಯನ್ನು ಮುಟ್ಟುವ ಮೊದಲು ಅದರಲ್ಲಿ ಗುಂಡಿಲ್ಲ ಅಂತ ಎರಡು ಸಲ ನೋಡಿಕೊಳ್ಳಬೇಕು. ಸಿಕ್ಕಿಹಾಕಿಕೊಂಡ ತೋಟಾವನ್ನು ಇಕ್ಕಳದಿಂದ ಕೀಳುವ ಸಾಹಸ ಮಾತ್ರ ಬೇಡವೇ ಬೇಡ.

ಇನ್ನು ಸಾಲದು ಅಂದದ್ದಕ್ಕೆ ಕಾರಣ. ಬೇಟೆಯ ಪ್ರಾಣಿಯನ್ನು ಬೇಗ ಸೀಳಿ ಕರುಳು ತೆಗೆಯದಿದ್ದರೆ ಮೈಯ ಬಿಸಿಗೆ ಮಾಂಸ ಕೆಡುತ್ತದೆ. ಆಗ ಕೈ ರಕ್ತ, ಕೊಬ್ಬಿನಿಂದ ಜಾರುತ್ತಿರುತ್ತದೆ, ಹೊತ್ತೂ ಮುಳುಗುತ್ತಿರುತ್ತದೆ. ಮಲ್ಟಿಟೂಲಿನ ಲೋಹದ ಹಿಡಿಗೆ ಹಿಡಿತ ಕಡಿಮೆ. ಅದರ ಕೀಲುಗಳಲ್ಲಿ ಕೊಬ್ಬು ಕೂತರೆ ತೊಳೆಯುವುದೂ ಕಷ್ಟ. ಈ ಕೆಲಸಕ್ಕೆ ಮಡಚದ, ಒರಟು ಹಿಡಿಯ, ಮೂರು ನಾಲ್ಕು ಇಂಚಿನ ಅಲಗಿನ ಚಾಕುವೇ ಬೇಕು. ಜೊತೆಗೆ ಅದಕ್ಕೊಂದು ಒರೆ. ಚಾಕುವನ್ನು ಮೈಯಿಂದ ಆಚೆಗೆ ಓಡಿಸಬೇಕು, ಇನ್ನೊಂದು ಕೈ ಅಲಗಿನ ದಾರಿಯಲ್ಲಿ ಇರಬಾರದು.

ಮಲ್ಟಿಟೂಲ್ ಕೊಳ್ಳುವಾಗ ಒಂದೇ ಒಂದು ವಿಷಯ ನೋಡಿ: ಬಿಚ್ಚಿದ ಅಲಗು ಬೀಗದ ಹಾಗೆ ನಿಲ್ಲುತ್ತದೆಯೇ? ಲೆದರ್‌ಮನ್‌ನ ಮೊದಲ ಮಾದರಿಯ ಅಲಗಿಗೆ ಈ ಬೀಗ ಇರಲಿಲ್ಲ. 1998ರ ವೇವ್ ಮಾದರಿಯಲ್ಲಿ ಇದೆ. ಬೀಗವಿಲ್ಲದ ಚಾಕುವಿನ ತುದಿಯಿಂದ ಒಮ್ಮೆ ನಾನು ಹಗ್ಗದ ಗಂಟು ಬಿಡಿಸಲು ಹೋಗಿದ್ದೆ. ಅದು ಮಡಚಿಕೊಂಡು ಬಂದು ತೋರುಬೆರಳಿಗೆ ಮೂರು ಹೊಲಿಗೆ ಬಿದ್ದವು. ಸಹ್ಯಾದ್ರಿಯ ಕೋಟೆಯಿಂದ ಕೆಳಗಿಳಿದು ಡಾಕ್ಟರನ್ನು ಕಾಣುವಷ್ಟರಲ್ಲಿ ಮೂರು ಗಂಟೆ. ಕಾಡಿನಲ್ಲಿ ಸಣ್ಣ ಗಾಯ ಅನ್ನುವುದು ಇಲ್ಲ.

ಮನೆಗೆ ಬಂದ ಮೇಲೆ ಬಿಸಿನೀರು, ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಚೆನ್ನಾಗಿ ಒಣಗಿಸಿ, ಕೀಲಿಗೆ ಒಂದೊಂದು ಹನಿ ಎಣ್ಣೆ ಬಿಟ್ಟರೆ ವರ್ಷಾನುಗಟ್ಟಲೆ ಬಾಳುತ್ತದೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಪ್ರಾಣಿಗಳ ಬೇಟೆ ಅಪರಾಧ. ಓರೆಗಾನಿನಲ್ಲಿ ಪರವಾನಗಿ, ಪ್ರಾಣಿಗೊಂದು ಟ್ಯಾಗ್, ಗೊತ್ತುಪಡಿಸಿದ ಕಾಲ ಇವುಗಳ ಒಳಗೆ ಅದಕ್ಕೆ ಅವಕಾಶವಿದೆ. ಹಾಗಾಗಿ ನಿಮಗೆ ಇಲ್ಲಿ ಉಪಯೋಗ ಚಾರಣಕ್ಕೆ, ಗಾಡಿ ಕೆಟ್ಟಾಗ, ಮನೆಯ ನಲ್ಲಿ ಸೋರಿದಾಗ. ವಿಮಾನ ಹತ್ತುವಾಗ ಮಾತ್ರ ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ, ಲಗೇಜಿಗೆ ಹಾಕಿ.

ರಾಯರೇ, ಮಲ್ಟಿಟೂಲಿನ ಜೊತೆ ಒಂದು ಒಳ್ಳೆಯ ಚಾಕು, ಒಂದಿಷ್ಟು ಬ್ಯಾಂಡೇಜ್ ಬಟ್ಟೆ ಸೇರಿಸಿ. ನಿಮಗೆ ಇಷ್ಟವಿಲ್ಲ ಅನ್ನುವುದನ್ನೂ ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಮಗ ಓದುತ್ತಾನೆ. ಎಚ್ಚರವಾಗಿರಲು ಅದೂ ಒಂದು ಕಾರಣವಾದೀತು.