ಮುರಿದ ಕಾರು, ಅತ್ತೆಯವರ ಸೂಜಿದಾರ
(ಮಹಿಳಾ ವೇದಿಕೆಯ ಅರಸಿನ ಕುಂಕುಮ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಹದಿನೈದು ನಿಮಿಷ ಕೊಟ್ಟು, "ನೀನು ಎಂಟೆಕ್ ಓದಿದವಳು, ಕಂಪ್ಯೂಟರ್ ಬಗ್ಗೆ ಏನಾದರೂ ಹೇಳು" ಎಂದರು. ಕಂಪ್ಯೂಟರ್ ಬಗ್ಗೆ ದಿನಾ ಆಫೀಸಿನಲ್ಲಿ ಮಾತಾಡಿ ಸಾಕಾಗಿದೆ. ಇವತ್ತು ನಾನು ಮಾತಾಡಲಿರುವುದು ಒಂದು ಆಟದ ಕಾರಿನ ಬಗ್ಗೆ, ಅದು ಮುರಿದದ್ದು ಮತ್ತು ಅದನ್ನು ನಾವು ಸರಿಮಾಡಿದ್ದರ ಬಗ್ಗೆ. ನಗಬೇಡಿ. ನಿಮ್ಮಲ್ಲಿ ಅರ್ಧ ಜನರ ಮನೆಯ ಅಟ್ಟದ ಮೇಲೆ ಚಕ್ರ ಕಳಚಿದ ಒಂದು ರಿಮೋಟ್ ಕಾರು ಇದ್ದೇ ಇರುತ್ತದೆ ಎಂದು ನನಗೆ ಗೊತ್ತು.

ನನ್ನ ಅಪ್ಪ ಧಾರವಾಡದಿಂದ ಕೊನೆಯ ಸಲ ಗೋರೆಗಾಂವ್‌ಗೆ ಬಂದಾಗ ತಮ್ಮ ಪೆನ್ಷನ್ ಹಣದಲ್ಲಿ ಮೊಮ್ಮಗನಿಗೆ ಒಂದು ರೇಡಿಯೋ ಕಂಟ್ರೋಲ್ ಕಾರು ಕೊಡಿಸಿದ್ದರು. ಆಮೇಲೆ ಅವರು ಬರಲಿಲ್ಲ. ಬರುವ ಹಾಗೂ ಇಲ್ಲ. ಕಳೆದ ವರ್ಷ ಒಂದು ಶನಿವಾರ ಸಂಜೆ ಮಗ ಆ ಕಾರನ್ನು ನಮ್ಮ ಸೊಸೈಟಿಯ ನೀರಿನ ಟ್ಯಾಂಕಿನ ಗೋಡೆಗೆ ಹೊಡೆದ. ಮುಂದಿನ ಚಕ್ರ ಹಿಡಿಯುವ ಸಸ್ಪೆನ್ಷನ್ ಆರ್ಮ್ ಎರಡು ತುಂಡು. ಮೇಲಿನ ಬಣ್ಣದ ಬಾಡಿ ಅಡ್ಡಕ್ಕೆ ಸೀಳಿತು. ಬ್ಯಾಟರಿ ಮುಚ್ಚಳದ ಕೊಂಡಿ ಕಳಚಿ ಎಲ್ಲೋ ಹೋಯಿತು.

ನಾನು ಲ್ಯಾಪ್‌ಟಾಪ್‌ನಿಂದ ತಲೆ ಎತ್ತುವ ಮೊದಲೇ ಒಂಬತ್ತು ವರ್ಷದ ಮಗ ಹೇಳಿದ: "ಬಿಡು ಅಮ್ಮ, ಹೊಸದು ಆರ್ಡರ್ ಮಾಡು, ನಾಳೆನೇ ಬರುತ್ತೆ."

ಅವನು ಅತ್ತಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅಜ್ಜ ಕೊಟ್ಟದ್ದು ಮುರಿದರೂ ಅವನಿಗೆ ಏನೂ ಅನ್ನಿಸಲಿಲ್ಲ. ಹಾಗೆ ಕಲಿಸಿದ್ದು ನಾನೇ. ಸಮಯ ಕೊಡಲಾಗದೆ ಇದ್ದಾಗಲೆಲ್ಲ ಪಾರ್ಸೆಲ್ ಕೊಟ್ಟಿದ್ದೇನೆ. ಅವತ್ತು ರಾತ್ರಿ ನಿರ್ಧರಿಸಿದೆ: ಇದನ್ನು ಎಸೆಯುವುದಿಲ್ಲ, ರಿಪೇರಿ ಮಾಡುತ್ತೇನೆ.

ಮರುದಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಏನು ಬೇಕೆಂದು ವಿವರಿಸಿದರೆ, ಅಂಗಡಿಯವ "ಮೇಡಂ, ಸಾಹೇಬರನ್ನು ಕಳಿಸಿ, ಅವರಿಗೆ ಹೇಳುತ್ತೇನೆ" ಎಂದ. ನಮ್ಮ ಮನೆಯ ಸಾಹೇಬರಿಗೆ ಬಲ್ಬ್ ಬದಲಿಸಲೂ ಎಲೆಕ್ಟ್ರಿಷಿಯನ್ ಬೇಕು. ಅವಮಾನಕ್ಕೋ ಹಟಕ್ಕೋ, ಒಂದು ಸೂಪರ್ ಗ್ಲೂ ಕೊಂಡು ಮನೆಗೆ ಬಂದೆ.

ಆಗ ನಾನು ಎರಡು ತಪ್ಪು ಮಾಡಿದೆ. ಮೊದಲನೆಯದು, ಆರ್ಮ್‌ಗೆ ಸೂಪರ್ ಗ್ಲೂ ಹಾಕಿದೆ. ಮೊದಲ ಉಬ್ಬಿನಲ್ಲೇ ಬಿಟ್ಟುಹೋಯಿತು. ಎರಡನೆಯದು, ಅಸಿಟೋನ್ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ ಎಂದು ಎಲ್ಲೋ ಕೇಳಿದ್ದೆ. ಉಗುರಿನ ಬಣ್ಣ ತೆಗೆಯುವ ರಿಮೂವರ್‌ನಲ್ಲಿ ಅಸಿಟೋನ್ ಇದೆಯಲ್ಲ ಎಂದು ಅದನ್ನು ಸೀಳಿದ ಬಾಡಿಗೆ ಹಚ್ಚಿದೆ. ಆ ಜಾಗ ಬೆಳ್ಳಗಾಗಿ, ಒಂದು ಬಿರುಕಿದ್ದಲ್ಲಿ ಜೇಡರ ಬಲೆಯಂತೆ ಹತ್ತು ಬಿರುಕಾದವು.

ಆಫೀಸಿನಲ್ಲಿ ಪ್ರೋಗ್ರಾಮ್ ಕೆಟ್ಟರೆ ನಾವು ಮೊದಲು ಕಾರಣ ಹುಡುಕುತ್ತೇವೆ. ಮನೆಯಲ್ಲಿ ವಸ್ತು ಮುರಿದರೆ ಮೊದಲು ಅಂಟು ಹುಡುಕುತ್ತೇವೆ. ತಪ್ಪಿರುವುದು ಅಲ್ಲೇ. ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಹತ್ತಿ, ರೇಷ್ಮೆ, ನೈಲಾನ್ ಎಲ್ಲಕ್ಕೂ ನಾವು ಬಟ್ಟೆ ಎನ್ನುತ್ತೇವೆ, ಆದರೆ ಮೂರಕ್ಕೂ ಒಂದೇ ಬಿಸಿಯ ಇಸ್ತ್ರಿ ಹಾಕುತ್ತೇವೆಯೇ? ಹಾಗೆಯೇ ಇದೂ.

ಕಾರಿನ ಭಾಗವನ್ನು ತಿರುಗಿಸಿ ಒಳಬದಿ ನೋಡಿ. ಹಲವು ಭಾಗಗಳ ಮೇಲೆ ಎರಡು ಬಾಣದ ಗುರುತಿನ ನಡುವೆ ಸಣ್ಣ ಅಕ್ಷರಗಳಿರುತ್ತವೆ. ಎಬಿಎಸ್ ಎಂದಿದ್ದರೆ ಗಟ್ಟಿ ಮುಚ್ಚಳ, ಪೆಟ್ಟಿಗೆಗಳ ಪ್ಲಾಸ್ಟಿಕ್. ಲೆಗೋ ಇಟ್ಟಿಗೆಗಳೂ ಅದರವೇ. ಪಿಸಿ ಎಂದರೆ ಪಾಲಿಕಾರ್ಬೊನೇಟ್. ಒಳ್ಳೆಯ ಕಾರುಗಳ ತೆಳ್ಳಗಿನ, ಬಾಗುವ ಬಾಡಿ ಅದರದ್ದು. ಪಿಎ ಎಂದರೆ ನೈಲಾನ್. ಪೆಟ್ಟು ತಿನ್ನುವ ಆರ್ಮ್‌ಗಳು ಅದರವು. ಪಿಪಿ ಎಂದರೆ ಪಾಲಿಪ್ರೊಪಿಲೀನ್, ನಮ್ಮ ಅಡುಗೆಮನೆಯ ಡಬ್ಬಿಗಳ ಪ್ಲಾಸ್ಟಿಕ್. ಅಕ್ಷರ ಕಾಣದಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ. ಪಿಪಿ ಸಾಮಾನ್ಯವಾಗಿ ತೇಲುತ್ತದೆ. ಉಳಿದ ಮೂರೂ ಮುಳುಗುತ್ತವೆ. ನಮ್ಮ ಧಾರಾವಿಯಲ್ಲಿ ಹಳೆಯ ಪ್ಲಾಸ್ಟಿಕ್ ವಿಂಗಡಿಸುವ ಹೆಣ್ಣುಮಕ್ಕಳು ಪದವಿ ಇಲ್ಲದೆ, ಕೈಯಲ್ಲಿ ಹಿಡಿದೇ ಇದನ್ನು ಗುರುತಿಸುತ್ತಾರೆ. ನನಗೆ ಎಂಟೆಕ್ ಇದ್ದೂ ಗೊತ್ತಿರಲಿಲ್ಲ.

ಈಗ ಒಂದೊಂದೇ ಭಾಗಕ್ಕೆ ಬರೋಣ.

ಬ್ಯಾಟರಿ ಮುಚ್ಚಳ ಎಬಿಎಸ್‌ನದು. ಅಸಿಟೋನ್ ಕೆಲಸಕ್ಕೆ ಬರುವುದು ಇದಕ್ಕೆ. ರಿಮೂವರ್‌ನಲ್ಲಿ ಬೇರೆ ವಸ್ತುಗಳೂ ಇರುವುದರಿಂದ ಶುದ್ಧ ಅಸಿಟೋನ್ ಬೇಕು. ಒಂದು ಗಾಜಿನ ಸೀಸೆಯಲ್ಲಿ ಸ್ವಲ್ಪ ಅಸಿಟೋನ್ ಹಾಕಿ, ಹಳೆಯ ಎಬಿಎಸ್ ಚೂರುಗಳನ್ನು ಅದರಲ್ಲಿ ರಾತ್ರಿಯಿಡೀ ಬಿಟ್ಟರೆ ದೋಸೆ ಹಿಟ್ಟಿನಂತಾಗುತ್ತದೆ. ಬಿರುಕಿಗೆ ಹಚ್ಚಿದರೆ ಅಸಿಟೋನ್ ಹಾರಿಹೋಗಿ ಪ್ಲಾಸ್ಟಿಕ್ ಮಾತ್ರ ಉಳಿಯುತ್ತದೆ. ಇದು ಅಂಟಲ್ಲ, ಬೆಸುಗೆ. ಎರಡು ತುಂಡು ಒಂದೇ ಆಗುತ್ತವೆ. ಒಂದು ದಿನ ಪೂರ್ತಿ ಒಣಗಲು ಬಿಡಿ. ಎಚ್ಚರಿಕೆ: ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ. ಗ್ಯಾಸ್ ಒಲೆ, ದೇವರ ದೀಪದಿಂದ ದೂರ, ಕಿಟಕಿ ತೆರೆದಿಟ್ಟು ಮಾಡಿ.

ಎರಡನೆಯದು ಬಾಡಿ, ಪಾಲಿಕಾರ್ಬೊನೇಟ್. ಇದಕ್ಕೆ ಅಸಿಟೋನ್ ಶತ್ರು ಎಂದು ನಾನು ಕೆಡಿಸಿ ಕಲಿತೆ. ಇಲ್ಲಿ ನನ್ನ ಗುರು ನಮ್ಮ ಅತ್ತೆಯವರು. ಅವರು ಉಡುಪಿಯ ಕಡೆಯವರು, ಮೂವತ್ತು ವರ್ಷ ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರಕ್ಕೆ ಹೆಗಲು ಕೊಟ್ಟವರು. ಬಿರುಕನ್ನು ನೋಡಿ, "ಚೂಡಿದಾರದ ಸೈಡ್ ಕಟ್ ಮುಗಿಯುವಲ್ಲಿ ನಾವು ಎರಡು ಸುತ್ತು ಗಟ್ಟಿ ಹೊಲಿಗೆ ಹಾಕುವುದು ಯಾಕೆ ಗೊತ್ತುಂಟಾ? ಇಲ್ಲದಿದ್ದರೆ ಅಲ್ಲಿಂದಲೇ ಹರಿದು ಮೇಲೆ ಹೋಗ್ತದೆ" ಎಂದರು.

ಎಂಜಿನಿಯರಿಂಗ್ ಪುಸ್ತಕದಲ್ಲಿ ಇದೇ ಮಾತಿದೆ. ಬಿರುಕಿನ ತುದಿ ಚೂಪಾಗಿರುವುದರಿಂದ ಎಳೆತವೆಲ್ಲ ಆ ಒಂದೇ ಬಿಂದುವಿಗೆ ಬೀಳುತ್ತದೆ, ಬಿರುಕು ಮುಂದೆ ಓಡುತ್ತದೆ. ಸರಿಯಾಗಿ ತುದಿಯಲ್ಲಿ 2 ಮಿಲಿಮೀಟರಿನ ದುಂಡಗಿನ ತೂತು ಕೊರೆದರೆ ಎಳೆತ ಸುತ್ತಲೂ ಹಂಚಿಹೋಗಿ ಬಿರುಕು ಅಲ್ಲೇ ನಿಲ್ಲುತ್ತದೆ. ತೂತು ಮಾಡಿದೆವು. ಒಳಬದಿಯನ್ನು ಸೋಪು ನೀರಿನಲ್ಲಿ ತೊಳೆದು, ಒರೆಸಿ, ಗೋಡೆಯ ಬಿರುಕಿಗೆ ಅಂಟಿಸುವ ಫೈಬರ್ ಗ್ಲಾಸ್ ಜಾಲರಿ ಪಟ್ಟಿ ಇಟ್ಟು, ಮೇಲೆ ಚಪ್ಪಲಿ ಅಡಿ ಅಂಟಿಸುವ ರಬ್ಬರಿನಂಥ ಅಂಟು ಸವರಿದೆವು. ಬಾಡಿ ಬಾಗಬೇಕು, ಆದ್ದರಿಂದ ಅಂಟೂ ಬಾಗುವಂಥದ್ದೇ ಆಗಬೇಕು. ಕಲ್ಲಿನಂತೆ ಗಟ್ಟಿಯಾಗುವ ಅಂಟು ಹಾಕಿದರೆ ಅದರ ಅಂಚಿನಲ್ಲೇ ಮತ್ತೆ ಸೀಳುತ್ತದೆ.

ಮೂರನೆಯದು ಆರ್ಮ್, ನೈಲಾನ್. ನಮ್ಮ ಅಮ್ಮಂದಿರು ಒಂದು ಕಾಲದಲ್ಲಿ ಮೆಚ್ಚಿ ಉಟ್ಟ ಸೀರೆಯದೇ ನೈಲಾನ್. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ಹುಟ್ಟಿದ್ದು. ಅಂಟು ಇದನ್ನು ಸುಲಭವಾಗಿ ಹಿಡಿಯುವುದಿಲ್ಲ. ಅದಕ್ಕೂ ಅತ್ತೆಯವರೇ ದಾರಿ ಹೇಳಿದರು: "ಅಂಟಿಸಿದ್ದು ಬಿಡ್ತದೆ, ಹೊಲಿದದ್ದು ನಿಲ್ತದೆ."

ಹೊಲಿದೆವು. ಸ್ಯಾಂಡ್ ಪೇಪರಿನಿಂದ ಎರಡೂ ತುಂಡುಗಳನ್ನು ಒರಟು ಮಾಡಿ, ಮುರಿದ ಗೆರೆಯ ಎರಡೂ ಬದಿಯಲ್ಲಿ ಸಣ್ಣ ತೂತುಗಳನ್ನು ಕೊರೆದೆವು. ಮುರಿದ ಕೈಗೆ ಪಟ್ಟಿ ಕಟ್ಟುವಂತೆ ಸೈಕಲ್ಲಿನ ಸ್ಪೋಕ್ ಕಡ್ಡಿಯ ತುಂಡನ್ನು ಉದ್ದಕ್ಕೆ ಇಟ್ಟು, ತೂತುಗಳ ಮೂಲಕ ತೆಳು ತಾಮ್ರದ ತಂತಿಯಿಂದ ಬಿಗಿದೆವು. ಅದರ ಮೇಲೆ ಎರಡು ಟ್ಯೂಬಿನ ಎಪಾಕ್ಸಿ ಅಂಟು ಹಚ್ಚಿ ಒಂದು ದಿನ ಮುಟ್ಟಲಿಲ್ಲ. ಬಲ ಕೊಡುವುದು ಕಡ್ಡಿ ಮತ್ತು ತಂತಿ; ಎಪಾಕ್ಸಿ ಅವನ್ನು ಅಲುಗದಂತೆ ಹಿಡಿದಿಡುತ್ತದೆ ಅಷ್ಟೆ. ತಂತಿಯ ಕೊನೆಯ ಗಂಟನ್ನು ಹಾಕಿದ್ದು ಅತ್ತೆಯವರು, ಟಾರ್ಚ್ ಹಿಡಿದದ್ದು ಮಗ.

ಸೂಪರ್ ಗ್ಲೂ ನಿಷ್ಪ್ರಯೋಜಕವೆಂದು ತಿಳಿಯಬೇಡಿ. ಎಬಿಎಸ್‌ನಲ್ಲಿ ಸಣ್ಣ ಚೂರು ಹಾರಿಹೋಗಿ ಕುಳಿ ಬಿದ್ದಿದ್ದರೆ ಅಲ್ಲಿ ಅಡಿಗೆ ಸೋಡಾ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಡಿ. ಸೋಡಾ ಕ್ಷಾರವಾದ್ದರಿಂದ ಕ್ಷಣದಲ್ಲಿ ಕಲ್ಲಾಗುತ್ತದೆ. ಆಗ ಬಿಸಿಯೂ ಹೊಗೆಯೂ ಬರುತ್ತದೆ, ಮುಖ ಹತ್ತಿರ ಒಯ್ಯಬೇಡಿ. ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯಾಗಬಹುದು, ಹತ್ತಿಯಿಂದ ಒರೆಸಲೇಬೇಡಿ.

ರಿಪೇರಿ ಮಾಡಬಾರದ್ದೂ ಇದೆ. ಹಲ್ಲು ಮುರಿದ ಗೇರ್ ಬದಲಿಸಿಬಿಡಿ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ, ಒಣ ಕಸದ ಬುಟ್ಟಿಗೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಕಾರು ಓಡಿತು. ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮೂರು ತಿಂಗಳ ನಂತರ ಅದೇ ಆರ್ಮ್ ಮತ್ತೆ ಮುರಿಯಿತು. ಕಡ್ಡಿ ಕಟ್ಟಿದ ಜಾಗದಲ್ಲಲ್ಲ, ಸರಿಯಾಗಿ ಅದರ ಪಕ್ಕದಲ್ಲಿ. ಒಂದು ಜಾಗವನ್ನು ಅತಿಯಾಗಿ ಬಲಪಡಿಸಿದರೆ ಪೆಟ್ಟು ಪಕ್ಕದ ಜಾಗಕ್ಕೆ ಹೋಗುತ್ತದೆ. ಆರ್ಮ್ ಬದಲು ಲೋಹದ್ದೇ ಹಾಕಿದರೆ ಇನ್ನೂ ದೊಡ್ಡ ನಷ್ಟ. ಪೆಟ್ಟು ನೇರ ಕಾರಿನ ಚಾಸಿಗೇ ಬೀಳುತ್ತದೆ. ಆರ್ಮ್ ಇರುವುದೇ ತಾನು ಮುರಿದು ಉಳಿದದ್ದನ್ನು ಕಾಯಲು. ಮನೆಯ ಭಾರವನ್ನೆಲ್ಲ ಒಬ್ಬಳ ಮೇಲೆ ಹೊರಿಸಿ "ಅವಳು ಗಟ್ಟಿ" ಎನ್ನುವುದು ನೆನಪಾಯಿತು. ಇರಲಿ, ಅದಕ್ಕೆ ಇನ್ನೊಂದು ಭಾಷಣ ಬೇಕು.

ಈ ಸಲ ಆ ಒಂದು ಭಾಗ ಮಾತ್ರ ಹೊಸದು ತರಿಸಿದೆವು. ಜೋಡಿಸುವ ಮೊದಲು ಹಳೆಯ ಪಾತ್ರೆಯೊಂದರಲ್ಲಿ ಅರ್ಧ ಗಂಟೆ ನೀರಿನಲ್ಲಿ ಕುದಿಸಿದೆ. ಅತ್ತೆಯವರು "ಇದಕ್ಕೆ ಒಗ್ಗರಣೆ ಬೇಡವಾ?" ಎಂದು ಕೇಳಿದರು. ಒಣ ನೈಲಾನ್ ಪಟಕ್ಕೆಂದು ಮುರಿಯುತ್ತದೆ. ನೀರು ಹೀರಿದ ನೈಲಾನ್ ಬಾಗಿ ಪೆಟ್ಟು ತಡೆಯುತ್ತದೆ. ಹಾಗೆ ನೋಡಿದರೆ ನಮ್ಮ ಮುಂಬಯಿಯ ಹವೆ ನೈಲಾನಿಗೆ ಒಳ್ಳೆಯದು. ಹಪ್ಪಳ ಕೆಡಿಸುವ ಮಳೆಗಾಲ ಕಾರಿನ ಆರ್ಮ್‌ಗೆ ಉಪಕಾರ ಮಾಡುತ್ತದೆ.

ಇದರಿಂದ ಎಷ್ಟು ಹಣ ಉಳಿಯಿತು ಎಂದು ಕೇಳಿದರೆ, ಅಂಟು, ಜಾಲರಿ, ಎಪಾಕ್ಸಿ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಹೆಚ್ಚೇನಿಲ್ಲ. ಆದರೆ 2005ರ ಜುಲೈ 26ರಂದು ಒಂದೇ ದಿನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಚರಂಡಿಗಳನ್ನು ಕಟ್ಟಿದ್ದರಲ್ಲಿ ಪ್ಲಾಸ್ಟಿಕ್ಕಿನ ಪಾಲೂ ಇತ್ತು. ಆರೆಯಿಂದ ಇಳಿದು ನಮ್ಮ ಗೋರೆಗಾಂವ್ ದಾಟುವ ಓಶಿವರಾ ನದಿಯನ್ನು ಸೇತುವೆಯ ಮೇಲಿಂದ ನೋಡಿದವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಹೋದ ವಾರ ನನ್ನ ಟಿಫಿನ್ ಡಬ್ಬಿಯ ಕೊಂಡಿ ಮುರಿಯಿತು. ನಾನು ಎಸೆಯಲು ಹೊರಟೆ. ಮಗ ಕೈಯಿಂದ ತೆಗೆದುಕೊಂಡು, ತಿರುಗಿಸಿ ನೋಡಿ, "ಅಮ್ಮ, ಇದು ಪಿಪಿ. ಅಂಟು ಹಿಡಿಯಲ್ಲ. ಹೊಲಿಯಬೇಕು. ಅಜ್ಜಿಯನ್ನು ಕರೀಲಾ?" ಎಂದ.

ಕೊನೆಗೊಂದು ವಿನಂತಿ. ಪ್ರತಿವರ್ಷ ಅರಸಿನ ಕುಂಕುಮಕ್ಕೆ ನಾವು ಒಬ್ಬರಿಗೊಬ್ಬರು ಪ್ಲಾಸ್ಟಿಕ್ ಡಬ್ಬಿ ಕೊಡುತ್ತೇವೆ, ಅದನ್ನೇ ಮುಂದಿನ ಮನೆಗೆ ದಾಟಿಸುತ್ತೇವೆ. ಮುಂದಿನ ವರ್ಷ ಒಂದು ಎಪಾಕ್ಸಿ ಟ್ಯೂಬ್, ಒಂದು ತುಂಡು ಸ್ಯಾಂಡ್ ಪೇಪರ್, ಸ್ವಲ್ಪ ತಾಮ್ರದ ತಂತಿ ಕಟ್ಟಿ ಕೊಡೋಣವೇ? ತಿಂಗಳಿಗೊಂದು ಭಾನುವಾರ ಇದೇ ಸಭಾಗೃಹದ ಮೂಲೆಯಲ್ಲಿ ಒಂದು ಮೇಜು ಹಾಕೋಣ. ಮಕ್ಕಳು ಮುರಿದ ಆಟಿಕೆ ತರಲಿ, ಹೊಲಿಗೆ ಬಲ್ಲ ಹಿರಿಯರು ಕೂರಲಿ, ನಾನು ಡ್ರಿಲ್ ತರುತ್ತೇನೆ. ಅಂಗಡಿಗೂ ನಾವೇ ಹೋಗೋಣ, ಸಾಹೇಬರನ್ನು ಕಳಿಸುವುದು ಬೇಡ.

ಅಜ್ಜ ಕೊಟ್ಟ ಕಾರು ಈಗಲೂ ನಮ್ಮ ಸೊಸೈಟಿಯ ಅಂಗಳದಲ್ಲಿ ಓಡುತ್ತಿದೆ. ಸ್ವಲ್ಪ ಎಡಕ್ಕೆ ಎಳೆಯುತ್ತದೆ, ಅಷ್ಟೆ.